ಸ್ಕಿಪೋಲ್‌ನಲ್ಲಿ ತಡೆದ ಬಿಪಿ ಔಷಧಿ: ಹಾದುಹೋಗುವ ಸರಕಿನ ಮೇಲೆ ಪೇಟೆಂಟ್ ಹಕ್ಕು ನಡೆಯುತ್ತದೆಯೇ?

2008ರ ಡಿಸೆಂಬರ್ ಮೊದಲ ವಾರ. ಹೈದರಾಬಾದಿನ ಡಾ. ರೆಡ್ಡೀಸ್ ಲ್ಯಾಬೊರೇಟರೀಸ್ ಬ್ರೆಜಿಲ್‌ಗೆ ಕಳಿಸಿದ್ದ ಸರಕೊಂದು ಆಮ್‌ಸ್ಟರ್‌ಡ್ಯಾಮ್‌ನ ಸ್ಕಿಪೋಲ್ ವಿಮಾನ ನಿಲ್ದಾಣದಲ್ಲಿ ಇಳಿಯಿತು. ಅಲ್ಲಿಂದ ಮುಂದಕ್ಕೆ ಬ್ರೆಜಿಲ್‌ಗೆ ಹೋಗಬೇಕಿತ್ತು. ಸರಕು ಅಂದರೆ ಲೋಸಾರ್ಟಾನ್ ಪೊಟ್ಯಾಸಿಯಂ. ರಕ್ತದೊತ್ತಡ ಇಳಿಸುವ ಮಾತ್ರೆ ಮಾಡಲು ಬೇಕಾದ ಮೂಲ ಔಷಧಿ. ತೂಕ ಅರ್ಧ ಟನ್ ಆಸುಪಾಸು, ಬೆಲೆ ಸುಮಾರು 55,000 ಯೂರೋ. ಅಷ್ಟು ಔಷಧಿಯಲ್ಲಿ ಸುಮಾರು 3 ಲಕ್ಷ ಬಿಪಿ ರೋಗಿಗಳಿಗೆ ಒಂದು ತಿಂಗಳ ಮಾತ್ರೆ ಆಗುತ್ತಿತ್ತು ಎಂದು ಬ್ರೆಜಿಲ್ ಸರ್ಕಾರ ಆಮೇಲೆ ಲೆಕ್ಕ ಕೊಟ್ಟಿತು.

ಡಚ್, ಅಂದರೆ ನೆದರ್ಲೆಂಡ್ಸ್‌ನ, ಕಸ್ಟಮ್ಸ್ ಅಧಿಕಾರಿಗಳು ಸರಕನ್ನು ತಡೆದರು. 36 ದಿನ ಅದು ಅಲ್ಲೇ ಇತ್ತು. ಕೊನೆಗೆ ಬಂದ ದಾರಿಯಲ್ಲೇ ಭಾರತಕ್ಕೆ ವಾಪಸ್ ಆಯಿತು. ಬ್ರೆಜಿಲ್ ತಲುಪಲೇ ಇಲ್ಲ.

ಔಷಧಿಯಲ್ಲಿ ಕಲಬೆರಕೆ ಇದೆ ಅಂತ ಯಾರೂ ದೂರಿರಲಿಲ್ಲ. ಕಾಗದಪತ್ರ ಸುಳ್ಳು ಅಂತಲೂ ಹೇಳಿರಲಿಲ್ಲ. ಲೋಸಾರ್ಟಾನ್ ಮೇಲೆ ಭಾರತದಲ್ಲಿ ಪೇಟೆಂಟ್ ಇರಲಿಲ್ಲ, ಬ್ರೆಜಿಲ್‌ನಲ್ಲೂ ಇರಲಿಲ್ಲ. ಅಂದರೆ ಮಾಡಿದವರದ್ದು ಕಾನೂನುಬದ್ಧ ಕೆಲಸ, ಕೊಳ್ಳುವವರದ್ದೂ ಅಷ್ಟೇ. ಪೇಟೆಂಟ್ ಇದ್ದದ್ದು ಮಧ್ಯದ ನಿಲ್ದಾಣವಾದ ನೆದರ್ಲೆಂಡ್ಸ್‌ನಲ್ಲಿ ಮಾತ್ರ. ಕೋಜಾರ್ ಹೆಸರಿನಲ್ಲಿ ಇದೇ ಔಷಧಿ ಮಾರುತ್ತಿದ್ದ ಮರ್ಕ್ ಬಳಗದ ಕೈಲಿ ಅಲ್ಲಿಯ ಹಕ್ಕು ಇತ್ತು.

ಬೌದ್ಧಿಕ ಆಸ್ತಿ ಹಕ್ಕು ಮತ್ತು ಅಂತರರಾಷ್ಟ್ರೀಯ ವ್ಯಾಪಾರ ಕಾನೂನು ಎಲ್ಲಿ ಒಂದಕ್ಕೊಂದು ಎದುರಾಗುತ್ತವೆ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಪ್ರಕರಣವನ್ನೇ. ಪೇಟೆಂಟ್ ಒಂದು ದೇಶದ ಗಡಿಯೊಳಗೆ ಮಾತ್ರ ನಡೆಯುವ ಹಕ್ಕು. ವ್ಯಾಪಾರ ಗಡಿ ದಾಟಿ ನಡೆಯುವ ಕೆಲಸ. ಎರಡೂ ಒಂದೇ ಗೋದಾಮಿನಲ್ಲಿ, ಒಂದೇ ಸರಕಿನ ಮೇಲೆ ಕೈಯಿಟ್ಟಾಗ ಯಾವುದರ ಮಾತು ನಡೆಯಬೇಕು?

ಭಾರತದಲ್ಲಿ ಪೇಟೆಂಟ್ ಯಾಕಿರಲಿಲ್ಲ

ಇದನ್ನು ಮೊದಲು ಮುಗಿಸಿಬಿಡೋಣ. ಯಾಕಂದ್ರೆ ‘ಭಾರತದ ಕಂಪನಿಗಳು ಕದ್ದು ಮಾಡುತ್ತವೆ’ ಅನ್ನುವ ಮಾತು ಇಲ್ಲಿಂದಲೇ ಹುಟ್ಟುತ್ತದೆ.

1970ರ ನಮ್ಮ ಪೇಟೆಂಟ್ ಕಾಯ್ದೆ ಔಷಧಿಯ ತಯಾರಿಕಾ ವಿಧಾನಕ್ಕೆ ಮಾತ್ರ ಪೇಟೆಂಟ್ ಕೊಡುತ್ತಿತ್ತು. ಔಷಧಿಗೇ ಕೊಡುತ್ತಿರಲಿಲ್ಲ. ಬೇರೆ ವಿಧಾನದಲ್ಲಿ ಅದೇ ಔಷಧಿ ಮಾಡಿದರೆ ತಪ್ಪಲ್ಲ. ನಮ್ಮ ಜೆನೆರಿಕ್ ಉದ್ಯಮ ಬೆಳೆದದ್ದೇ ಈ ನೆಲದ ಮೇಲೆ. 1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಸ್ಥೆ (ಡಬ್ಲ್ಯುಟಿಒ) ಶುರುವಾಯಿತು. ಅದರ ಜೊತೆಗೇ ಸದಸ್ಯ ದೇಶಗಳ ಬೌದ್ಧಿಕ ಆಸ್ತಿ ಕಾನೂನಿಗೆ ಕನಿಷ್ಠ ಮಟ್ಟ ಹಾಕುವ ಟ್ರಿಪ್ಸ್ ಒಪ್ಪಂದವೂ ಬಂತು. ಔಷಧಿಗೂ ಪೇಟೆಂಟ್ ಕೊಡಲೇಬೇಕು ಎಂದು ಅದು ಹೇಳಿತು, ಭಾರತಕ್ಕೆ 2005ರ ಜನವರಿ 1ರವರೆಗೆ ಸಮಯ ಕೊಟ್ಟಿತು. ಲೋಸಾರ್ಟಾನ್ ಅದಕ್ಕೂ ಹಿಂದಿನದು. ಅಮೆರಿಕದ ಡ್ಯುಪಾಂಟ್ ಕಂಪನಿ ಅದನ್ನು ಕಂಡುಹಿಡಿದದ್ದು 1980ರ ದಶಕದಲ್ಲಿ. ಹಾಗಾಗಿ ನಮ್ಮ ಹೊಸ ಕಾನೂನಿನ ಕೈಗೂ ಅದು ಸಿಗಲಿಲ್ಲ. ಬ್ರೆಜಿಲ್ ಕೂಡ 1996ರ ಕಾನೂನಿನವರೆಗೆ ಔಷಧಿಗೆ ಪೇಟೆಂಟ್ ಕೊಡುತ್ತಿರಲಿಲ್ಲ.

ಎರಡೂ ದೇಶಗಳು ಟ್ರಿಪ್ಸ್‌ನ ಮಾತು ಮೀರಿರಲಿಲ್ಲ. ಪ್ರಕರಣ ಪೂರ್ತಿ ನಿಂತಿರುವುದು ಇದರ ಮೇಲೆ.

ಕಸ್ಟಮ್ಸ್ ಗೋದಾಮಿನಲ್ಲಿ ನಡೆದದ್ದು

ಯುರೋಪಿಯನ್ ಒಕ್ಕೂಟದಲ್ಲಿ ಆಗ ಇದ್ದದ್ದು 2003ರ ಜುಲೈನಲ್ಲಿ ಬಂದ 1383/2003 ಎಂಬ ನಿಯಮಾವಳಿ. ಇದು ನಡೆಯುತ್ತಿದ್ದ ರೀತಿ ತುಂಬಾ ಸರಳ, ಆ ಸರಳತೆಯೇ ತೊಂದರೆ.

ಹಕ್ಕುದಾರ ಕಂಪನಿ ಮೊದಲೇ ಕಸ್ಟಮ್ಸ್‌ಗೆ ಒಂದು ಅರ್ಜಿ ಹಾಕಿಡುತ್ತದೆ. ನಮ್ಮ ಹಕ್ಕು ಇಂಥದ್ದು, ಇಂಥ ಸರಕು ಕಂಡರೆ ತಡೆಯಿರಿ ಅಂತ. ಒಮ್ಮೆ ಒಪ್ಪಿದರೆ ಅರ್ಜಿ ಒಂದು ವರ್ಷದವರೆಗೆ ಚಾಲ್ತಿಯಲ್ಲಿರಬಹುದು. ಅದಕ್ಕೆ ಶುಲ್ಕ ಇಲ್ಲ. ಸರಕು ಬಂದಾಗ ಅಧಿಕಾರಿಗೆ ಅನುಮಾನ ಬಂದರೆ ಸಾಕು, ತಡೆಯುತ್ತಾರೆ, ಹಕ್ಕುದಾರರಿಗೆ ತಿಳಿಸುತ್ತಾರೆ. ಹಕ್ಕುದಾರರಿಗೆ ಕೋರ್ಟಿಗೆ ಹೋಗಲು 10 ಕೆಲಸದ ದಿನ. ಬೇಕಾದರೆ ಇನ್ನೂ 10 ದಿನ. ಈ ನಡುವೆ ಸರಕಿನ ಮಾಲೀಕರ ಜೊತೆ ಮಾತಾಡಿ ‘ಒಪ್ಪಂದ’ಕ್ಕೂ ಬರಬಹುದು. ಸರಕು ನಾಶಮಾಡಲು ಒಪ್ಪಿಗೆ ಪಡೆಯುವ ಸುಲಭದ ದಾರಿಯೂ ನಿಯಮದಲ್ಲಿತ್ತು. ಗಡುವಿನೊಳಗೆ ಆಕ್ಷೇಪ ಎತ್ತದೆ ಸುಮ್ಮನಿದ್ದರೆ ಅದನ್ನೂ ಒಪ್ಪಿಗೆ ಅಂತಲೇ ತಿಳಿಯಬಹುದಿತ್ತು.

ಈಗ ಕಳಿಸಿದವರ ಜಾಗದಲ್ಲಿ ನಿಂತು ನೋಡಿ. ಸರಕು 55,000 ಯೂರೋದ್ದು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಪೇಟೆಂಟ್ ವಕೀಲರನ್ನು ಇಟ್ಟು ಕೇಸು ನಡೆಸಿದರೆ ಖರ್ಚು ಸರಕಿನ ಬೆಲೆಯನ್ನೇ ಮೀರಬಹುದು. ಬ್ರೆಜಿಲ್‌ನ ಕಾರ್ಖಾನೆ ಕಾಯುತ್ತಿದೆ. ಕಾನೂನು ನಿಮ್ಮ ಕಡೆ ಇದ್ದರೂ ಲೆಕ್ಕ ನಿಮ್ಮ ಕಡೆ ಇಲ್ಲ. ಲೋಸಾರ್ಟಾನ್ ವಿಷಯದಲ್ಲಿ ಆದದ್ದು ಇದೇ. ಸರಕು ನಾಶ ಆಗುವುದು ತಪ್ಪಿತು, ಭಾರತಕ್ಕೆ ವಾಪಸ್ ತರಿಸಿಕೊಳ್ಳುವುದು ಎಂದಾಯಿತು. ಆಮೇಲೆ ಯುರೋಪ್ ಇದನ್ನೇ ಎತ್ತಿ ಹೇಳಿತು: ನಾವು ಜಪ್ತಿ ಮಾಡಿಲ್ಲ, ಸ್ವಲ್ಪ ದಿನ ತಡೆದೆವು ಅಷ್ಟೇ, ವಾಪಸ್ ಹೋದದ್ದು ಎರಡು ಕಂಪನಿಗಳ ನಡುವಿನ ಮಾತುಕತೆಯಿಂದ. ಕಾಗದದ ಮೇಲೆ ಅದು ಸರಿಯೇ ಇರಬಹುದು. ಆದರೆ ಸರಕನ್ನು ಒತ್ತೆ ಇಟ್ಟುಕೊಂಡು ಆದ ಮಾತುಕತೆಯನ್ನು ಇಬ್ಬರ ಇಷ್ಟದ ಒಪ್ಪಂದ ಅನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಇನ್ನು ಕಾನೂನಿನ ಪ್ರಶ್ನೆ. ಸರಕು ನೆದರ್ಲೆಂಡ್ಸ್‌ನಲ್ಲಿ ಮಾರಾಟಕ್ಕೆ ಬಂದಿರಲಿಲ್ಲ. ಆಮದೂ ಆಗಿರಲಿಲ್ಲ. ಹಾಗಿದ್ದ ಮೇಲೆ ಡಚ್ ಪೇಟೆಂಟಿಗೆ ಧಕ್ಕೆ ಆದದ್ದು ಹೇಗೆ? ಉತ್ತರ ಒಂದು ಕಲ್ಪನೆಯಲ್ಲಿದೆ. ತಡೆದ ಸರಕು ನೆದರ್ಲೆಂಡ್ಸ್‌ನಲ್ಲೇ ತಯಾರಾಗಿದೆ ಎಂದು ಅಂದುಕೊಳ್ಳುವುದು. ಇಲ್ಲೇ ತಯಾರಾಗಿದ್ದರೆ ಪೇಟೆಂಟ್ ಉಲ್ಲಂಘನೆ ಆಗುತ್ತಿತ್ತು, ಆದ್ದರಿಂದ ಈಗಲೂ ಉಲ್ಲಂಘನೆಯೇ. 2008ರ ಜುಲೈನಲ್ಲಿ, ಅಂದರೆ ಲೋಸಾರ್ಟಾನ್ ತಡೆಯುವ ಕೆಲವೇ ತಿಂಗಳ ಹಿಂದೆ, ಹೇಗ್ ನಗರದ ಜಿಲ್ಲಾ ಕೋರ್ಟ್ ಎಂಪಿ3 ಪ್ಲೇಯರ್‌ಗಳ ಒಂದು ಪ್ರಕರಣದಲ್ಲಿ ಈ ವಾದವನ್ನು ಎತ್ತಿಹಿಡಿದಿತ್ತು. ಹೈದರಾಬಾದಿನಲ್ಲಿ ಆದ ತಯಾರಿಯನ್ನು ಹಾಲೆಂಡಿನಲ್ಲಿ ಆದದ್ದು ಎಂದು ಭಾವಿಸಿದರೆ ಪೇಟೆಂಟಿಗೆ ಗಡಿ ಅನ್ನುವುದು ಉಳಿಯುವುದೇ ಇಲ್ಲ, ಅಲ್ವಾ? ದೊಡ್ಡ ವಿಮಾನ ನಿಲ್ದಾಣ ಇರುವ ದೇಶದ ಪೇಟೆಂಟ್ ಎಲ್ಲಾ ದೇಶಗಳಿಗೂ ಅನ್ವಯಿಸಿಬಿಡುತ್ತದೆ.

ಯುರೋಪಿನ ಮೇಲಿನ ಕೋರ್ಟೇ ಇದಕ್ಕೆ ಒಪ್ಪುವಂತೆ ಕಾಣುತ್ತಿರಲಿಲ್ಲ ಅನ್ನುವುದೂ ಗಮನಿಸಬೇಕಾದ ಸಂಗತಿ. 2006ರಲ್ಲಿ ಡೀಸೆಲ್ ಬ್ರ್ಯಾಂಡಿನ ಜೀನ್ಸ್ ಪ್ಯಾಂಟುಗಳ ಪ್ರಕರಣ ಅದರ ಮುಂದೆ ಬಂದಿತ್ತು. ಪೋಲೆಂಡಿನಲ್ಲಿ ಹೊಲಿದ ಪ್ಯಾಂಟುಗಳು ಜರ್ಮನಿ ಮೂಲಕ ಐರ್ಲೆಂಡಿಗೆ ಹೋಗುತ್ತಿದ್ದವು. ಜರ್ಮನಿಯಲ್ಲಿ ಟ್ರೇಡ್‌ಮಾರ್ಕ್ ಇತ್ತು, ಐರ್ಲೆಂಡಿನಲ್ಲಿ ಇರಲಿಲ್ಲ. ಜರ್ಮನಿಯ ಮಾರುಕಟ್ಟೆಗೆ ಬರದೆ ಸುಮ್ನೆ ಹಾದುಹೋದರೆ ಅಲ್ಲಿನ ಟ್ರೇಡ್‌ಮಾರ್ಕಿಗೆ ಧಕ್ಕೆ ಇಲ್ಲ ಎಂದಿತು ಕೋರ್ಟ್. ಜೀನ್ಸಿಗೆ ಸಿಕ್ಕ ದಾರಿ ಬಿಪಿ ಔಷಧಿಗೆ ಸಿಗಲಿಲ್ಲ.

ಒಂದಲ್ಲ, ಹದಿನೇಳು

ಲೋಸಾರ್ಟಾನ್ ಸುದ್ದಿಯಾಯಿತು ಅಷ್ಟೇ. ನಂತರ ಮಾಹಿತಿ ಕೇಳಿ ಪಡೆದ ಡಚ್ ಸರ್ಕಾರದ ದಾಖಲೆಗಳ ಪ್ರಕಾರ 2008ರಲ್ಲಿ ನೆದರ್ಲೆಂಡ್ಸ್ ಒಂದೇ ತಡೆದ ಔಷಧಿ ಸರಕುಗಳು 17. ಅದರಲ್ಲಿ 16 ಭಾರತದವು, ಒಂದು ಚೀನಾದ್ದು. ಹೆಚ್ಚಿನವು ದಕ್ಷಿಣ ಅಮೆರಿಕದ ದೇಶಗಳಿಗೆ ಹೊರಟಿದ್ದವು.

2009ರ ಶುರುವಿನಲ್ಲಿ ಸ್ಕಿಪೋಲ್‌ನಲ್ಲೇ ಇನ್ನೊಂದು. 49 ಕೆಜಿ ಅಬಕವಿರ್, ಎಚ್‌ಐವಿ ರೋಗಿಗಳ ಔಷಧಿ. ಹೈದರಾಬಾದಿನದೇ ಇನ್ನೊಂದು ಕಂಪನಿ ಅರಬಿಂದೋ ಮಾಡಿದ್ದು. ಹೊರಟದ್ದು ನೈಜೀರಿಯಾಕ್ಕೆ. ಬಡ ದೇಶಗಳಿಗೆ ಔಷಧಿ ಕೊಂಡುಕೊಡುವ ಯುನಿಟೇಡ್ ಸಂಸ್ಥೆಯ ಹಣದಲ್ಲಿ ಅದನ್ನು ಕೊಂಡಿದ್ದರು. ನಕಲಿ ಇರಬಹುದು ಎಂಬ ಅನುಮಾನದ ಮೇಲೆ ತಡೆದರು, ಆಮೇಲೆ ಬಿಟ್ಟರು.

ಅದೇ ವರ್ಷ ಮೇ ತಿಂಗಳಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್. ಪೆಸಿಫಿಕ್ ಸಾಗರದ ಪುಟ್ಟ ದೇಶ ವನುವಾಟುಗೆ ಹೊರಟಿದ್ದ 30 ಲಕ್ಷಕ್ಕೂ ಜಾಸ್ತಿ ಅಮಾಕ್ಸಿಸಿಲಿನ್. ನಮ್ಮ ಊರಿನ ಯಾವ ಮೆಡಿಕಲ್ ಶಾಪಿನಲ್ಲಾದರೂ ಸಿಗುವ ಮಾಮೂಲಿ ಆಂಟಿಬಯಾಟಿಕ್. ಪೇಟೆಂಟ್ ತಂಟೆ ಇಲ್ಲದ ಹಳೆಯ ಔಷಧಿ. ಹಾಗಿದ್ದೂ ತಡೆದದ್ದು ಯಾಕೆ? ಗ್ಲಾಕ್ಸೊ ಕಂಪನಿಯ ‘ಅಮಾಕ್ಸಿಲ್’ ಬ್ರ್ಯಾಂಡಿಗೆ ಹೆಸರು ಹತ್ತಿರ ಕೇಳಿಸಿತು. ಅಮಾಕ್ಸಿಸಿಲಿನ್ ಅನ್ನುವುದು ಯಾರ ಬ್ರ್ಯಾಂಡೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿರುವ, ಯಾರು ಬೇಕಾದರೂ ಬಳಸುವ, ಬಳಸಲೇಬೇಕಾದ ಔಷಧಿಯ ಹೆಸರು. ನಮ್ಮ ಹಕ್ಕಿಗೆ ಧಕ್ಕೆ ಆಗಿಲ್ಲ ಎಂದು ಗ್ಲಾಕ್ಸೊ ಕಂಪನಿಯೇ ಹೇಳಿದ ಮೇಲೆ ಸರಕು ಬಿಟ್ಟರು. ಅಷ್ಟರಲ್ಲಿ ಸುಮಾರು ನಾಲ್ಕು ವಾರ ಹೋಗಿತ್ತು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಕಲಿ ಔಷಧಿ ಬೇರೆ, ಜೆನೆರಿಕ್ ಔಷಧಿ ಬೇರೆ. ನಕಲಿ ಅಂದರೆ ಒಳಗೆ ಔಷಧಿಯೇ ಇಲ್ಲದ್ದು, ಅಥವಾ ಇನ್ನೊಬ್ಬರ ಹೆಸರು ಹಾಕಿ ಮೋಸದಿಂದ ಮಾರುವುದು. ಅದು ಜೀವ ತೆಗೆಯುತ್ತದೆ, ಅದನ್ನು ತಡೆಯಲೇಬೇಕು. ಜೆನೆರಿಕ್ ಅಂದರೆ ಅದೇ ಔಷಧಿ, ಬೇರೆ ಕಂಪನಿಯದ್ದು, ತನ್ನದೇ ಹೆಸರಿನಲ್ಲಿ. ಪೇಟೆಂಟ್ ಜಗಳ ಇದ್ದರೂ ಔಷಧಿ ಕೆಟ್ಟದಾಗುವುದಿಲ್ಲ. ಪೆಟ್ಟಿಗೆ ಮೇಲಿನ ಕದ್ದ ಲೋಗೊವನ್ನು ಕಸ್ಟಮ್ಸ್ ಅಧಿಕಾರಿ ಕಣ್ಣಲ್ಲಿ ನೋಡಿ ಗುರುತಿಸಬಹುದು. ಡ್ರಮ್ಮಿನೊಳಗಿನ ಬಿಳಿ ಪುಡಿ ಯಾರ ಪೇಟೆಂಟಿನ ಯಾವ ಹಕ್ಕಿಗೆ ತಾಗುತ್ತದೆ ಅನ್ನುವುದನ್ನು ಯಾವ ಅಧಿಕಾರಿ ಕಣ್ಣಲ್ಲಿ ನೋಡಿ ಹೇಳಬಲ್ಲರು? ತಜ್ಞರೇ ಕೋರ್ಟಿನಲ್ಲಿ ವರ್ಷಗಟ್ಟಲೆ ವಾದಿಸುವ ವಿಷಯ ಅದು.

ಡಬ್ಲ್ಯುಟಿಒ ಕಾನೂನು ಏನು ಹೇಳುತ್ತದೆ

2009ರ ಫೆಬ್ರವರಿ 3ರಂದು ಜಿನೀವಾದಲ್ಲಿ ಡಬ್ಲ್ಯುಟಿಒ ಸಾಮಾನ್ಯ ಮಂಡಳಿಯ ಸಭೆ. ಬ್ರೆಜಿಲ್ ರಾಯಭಾರಿ ರಾಬರ್ಟೊ ಅಜೆವೆಡೊ ವಿಷಯ ಎತ್ತಿದರು. ಭಾರತದ ರಾಯಭಾರಿ ಉಜಲ್ ಸಿಂಗ್ ಭಾಟಿಯಾ ಜೊತೆಗೆ ನಿಂತರು. (ಅಜೆವೆಡೊ ಮುಂದೆ ಡಬ್ಲ್ಯುಟಿಒ ಮುಖ್ಯಸ್ಥರಾದರು. ಭಾಟಿಯಾ ಅದರ ಮೇಲ್ಮನವಿ ಮಂಡಳಿಯ ಸದಸ್ಯರಾದರು.) ಒಂದು ವರ್ಷಕ್ಕೂ ಜಾಸ್ತಿ ಮಾತು ನಡೆದು ಫಲ ಕಾಣದಾಗ, 2010ರ ಮೇ 11ರಂದು ಭಾರತ ಯುರೋಪಿಯನ್ ಒಕ್ಕೂಟ ಮತ್ತು ನೆದರ್ಲೆಂಡ್ಸ್ ಮೇಲೆ ಅಧಿಕೃತ ದೂರು ಕೊಟ್ಟಿತು. ಅದರ ಸಂಖ್ಯೆ ಡಿಎಸ್ 408. ಮರುದಿನ ಬ್ರೆಜಿಲ್‌ನದ್ದು, ಡಿಎಸ್ 409. ಕೆನಡಾ, ಚೀನಾ, ಎಕ್ವಡಾರ್, ಜಪಾನ್, ಟರ್ಕಿ ಮಾತುಕತೆಗೆ ತಾವೂ ಸೇರುತ್ತೇವೆ ಎಂದವು.

ದೂರಿಗೆ ಎರಡು ಕಾಲು. ಒಂದು ವ್ಯಾಪಾರದ ಕಾನೂನಿನ ಮೇಲೆ, ಒಂದು ಬೌದ್ಧಿಕ ಆಸ್ತಿಯ ಕಾನೂನಿನ ಮೇಲೆ.

ಮೊದಲನೆಯದು ಸರಕು ವ್ಯಾಪಾರದ ಮೂಲ ಒಪ್ಪಂದವಾದ ಗ್ಯಾಟ್‌ನ 5ನೇ ವಿಧಿ. ಒಂದು ದೇಶದ ಮೂಲಕ ಇನ್ನೊಂದು ದೇಶಕ್ಕೆ ಹೋಗುವ ಸರಕಿಗೆ ಅನುಕೂಲವಾದ ದಾರಿಯಲ್ಲಿ ಹಾದುಹೋಗುವ ಸ್ವಾತಂತ್ರ್ಯ ಇರಬೇಕು. ಎಲ್ಲಿಂದ ಬಂತು, ಎಲ್ಲಿಗೆ ಹೊರಟಿದೆ ಅಂತ ನೋಡಿ ಭೇದ ಮಾಡಬಾರದು. ಅನಗತ್ಯ ತಡ, ಅನಗತ್ಯ ನಿರ್ಬಂಧ ಕೂಡದು. ಈ ತತ್ವದ ಬೇರು 1921ರ ಬಾರ್ಸಿಲೋನಾ ಸಮಾವೇಶದಷ್ಟು ಹಳೆಯದು. ಬಹಳ ವರ್ಷ ಈ ವಿಧಿಯನ್ನು ಯಾರೂ ಕೇಸಿನಲ್ಲಿ ಪರೀಕ್ಷೆಗೆ ಒಡ್ಡಿರಲಿಲ್ಲ. ಕೊಲಂಬಿಯಾ ವಿರುದ್ಧ ಪನಾಮಾ ತಂದ ಪ್ರಕರಣದಲ್ಲಿ, 2009ರ ಏಪ್ರಿಲ್‌ನಲ್ಲಿ, ಡಬ್ಲ್ಯುಟಿಒ ಪ್ಯಾನೆಲ್ (ದೇಶಗಳ ನಡುವಿನ ದೂರು ವಿಚಾರಿಸುವ ಸಮಿತಿ) ಮೊದಲ ಸಲ ಇದನ್ನು ವಿವರವಾಗಿ ಓದಿ ಪನಾಮಾ ಪರವಾಗಿ ತೀರ್ಪು ಕೊಟ್ಟಿತು. ಸ್ಕಿಪೋಲ್ ಘಟನೆಯ ಬಿಸಿ ಆರುವ ಮೊದಲೇ ಬಂದ ತೀರ್ಪು ಅದು. ಭಾರತದ ಕೈಗೆ ಒಳ್ಳೆಯ ಆಧಾರವೇ ಸಿಕ್ಕಿತ್ತು.

ಎರಡನೆಯದು ಟ್ರಿಪ್ಸ್. ಪೇಟೆಂಟ್‌ದಾರರಿಗೆ ಏನೇನು ತಡೆಯುವ ಹಕ್ಕಿದೆ ಎಂದು ಅದರ 28ನೇ ವಿಧಿ ಹೇಳುತ್ತದೆ: ತಯಾರಿಕೆ, ಬಳಕೆ, ಮಾರಾಟಕ್ಕಿಡುವುದು, ಮಾರಾಟ, ಈ ಕೆಲಸಗಳಿಗಾಗಿ ಆಮದು. ಹಾದುಹೋಗುವುದನ್ನು ತಡೆಯುವ ಹಕ್ಕು ಆ ಪಟ್ಟಿಯಲ್ಲಿಲ್ಲ. ಗಡಿಯಲ್ಲಿ ಸರಕು ತಡೆಯುವ ಬಗ್ಗೆ ಇರುವುದು 51ನೇ ವಿಧಿ. ಕದ್ದ ಟ್ರೇಡ್‌ಮಾರ್ಕ್ ಮತ್ತು ಕಾಪಿರೈಟ್ ಕದ್ದ ಸರಕಿನ ಆಮದಿಗೆ ಮಾತ್ರ ಅದು ಕಡ್ಡಾಯ. ಪೇಟೆಂಟಿಗೆ ಬೇಕಿದ್ದರೆ ಮಾಡಿಕೊಳ್ಳಬಹುದು. ಅದಕ್ಕೊಂದು ಅಡಿಟಿಪ್ಪಣಿ ಇದೆ, 13ನೆಯದು. ಹಾದುಹೋಗುವ ಸರಕಿಗೆ ಈ ಕ್ರಮ ಅನ್ವಯಿಸಬೇಕಾದ ಹೊಣೆ ಇಲ್ಲ ಎಂದು ಅದು ಹೇಳುತ್ತದೆ. ಮುಂದಿನ 52ನೇ ವಿಧಿಯೂ ಮುಖ್ಯ. ಹಕ್ಕಿಗೆ ಧಕ್ಕೆ ಆಗಿದೆಯೇ ಎಂದು ನೋಡಬೇಕಾದದ್ದು ಆಮದಾಗುವ ದೇಶದ ಕಾನೂನಿನ ಪ್ರಕಾರ. ಲೋಸಾರ್ಟಾನ್ ಆಮದಾಗುತ್ತಿದ್ದದ್ದು ಬ್ರೆಜಿಲ್‌ಗೆ. ಅಲ್ಲಿ ಪೇಟೆಂಟೇ ಇಲ್ಲ.

41ನೇ ವಿಧಿ ಇನ್ನೂ ನೇರ: ಹಕ್ಕು ಜಾರಿ ಮಾಡುವ ಕ್ರಮಗಳು ನ್ಯಾಯವಾದ ವ್ಯಾಪಾರಕ್ಕೆ ಅಡ್ಡಿ ಆಗದಂತೆ ಇರಬೇಕು. ಇದರ ಜೊತೆಗೆ ಒಂದೊಂದು ದೇಶದ ಪೇಟೆಂಟ್ ಒಂದೊಂದು ಸ್ವತಂತ್ರ ಹಕ್ಕು ಎನ್ನುವ, ಕೈಗಾರಿಕಾ ಆಸ್ತಿ ಕುರಿತ ಪ್ಯಾರಿಸ್ ಒಪ್ಪಂದದ ಹಳೆಯ ನಿಯಮ. ಟ್ರಿಪ್ಸ್ ಓದುವಾಗ ಎಲ್ಲರಿಗೂ ಔಷಧಿ ಸಿಗುವಂತೆ ಓದಬೇಕು ಎಂದ 2001ರ ದೋಹಾ ಘೋಷಣೆಯನ್ನೂ ಭಾರತ ಮುಂದಿಟ್ಟಿತು.

ಯುರೋಪಿನ ವಾದ ಹುರುಳಿಲ್ಲದ್ದಾಗಿರಲಿಲ್ಲ. ಟ್ರಿಪ್ಸ್ ಹೇಳುವುದು ಕನಿಷ್ಠ ಮಟ್ಟ, ಅದಕ್ಕಿಂತ ಜಾಸ್ತಿ ರಕ್ಷಣೆ ಕೊಡಲು 1ನೇ ವಿಧಿ ಬಿಡುತ್ತದೆ. ಹೌದು, ಬಿಡುತ್ತದೆ. ಆದರೆ ಅದೇ ವಾಕ್ಯದಲ್ಲಿ, ಆ ಜಾಸ್ತಿ ರಕ್ಷಣೆ ಒಪ್ಪಂದದ ಬೇರೆ ಮಾತುಗಳಿಗೆ ವಿರುದ್ಧ ಹೋಗಬಾರದು ಅಂತಲೂ ಇದೆ. ಇನ್ನೊಂದು ಆಸರೆ ಗ್ಯಾಟ್‌ನ 20ನೇ ವಿಧಿ. ಪೇಟೆಂಟ್, ಟ್ರೇಡ್‌ಮಾರ್ಕ್ ಕಾನೂನು ಪಾಲಿಸುವಂತೆ ಮಾಡಲು ಅಗತ್ಯವಾದ ಕ್ರಮಗಳಿಗೆ ಅದು ವಿನಾಯಿತಿ ಕೊಡುತ್ತದೆ. ಇಲ್ಲಿ ಜಗಳ ‘ಅಗತ್ಯ’ ಎಂಬುದರ ಮೇಲೆ. ಡಚ್ ಮಾರುಕಟ್ಟೆಗೆ ಬರದ ಔಷಧಿಯನ್ನು ತಡೆಯದಿದ್ದರೆ ಡಚ್ ಪೇಟೆಂಟಿಗೆ ಏನು ನಷ್ಟ? ಮಧ್ಯದಲ್ಲಿ ಸರಕು ಕದ್ದು ಮಾರುಕಟ್ಟೆಗೆ ಇಳಿಸುವ ಅಪಾಯ ಇದ್ದರೆ, ಅದಕ್ಕೆ ಮುದ್ರೆ, ಬಾಂಡು, ಕಾಗದಪತ್ರದ ತಪಾಸಣೆ ಇವೆ. ಎಲ್ಲಾ ಸರಕನ್ನೂ ತಡೆಯುವ ಅಗತ್ಯ ನನಗಂತೂ ಕಾಣುವುದಿಲ್ಲ. ಪ್ಯಾನೆಲ್ ಏನು ಹೇಳುತ್ತಿತ್ತು ಅನ್ನುವುದು ಬೇರೆ ಮಾತು, ಯಾಕಂದ್ರೆ ಪ್ಯಾನೆಲ್ ರಚನೆ ಆಗಲೇ ಇಲ್ಲ.

ತೀರ್ಪಿಲ್ಲದೆ ಸಿಕ್ಕ ಪರಿಹಾರ

2010ರ ಜುಲೈ ಮತ್ತು ಸೆಪ್ಟೆಂಬರ್‌ನಲ್ಲಿ ಎರಡು ಸುತ್ತು ಮಾತುಕತೆ ಆಯಿತು. 2011ರ ಜುಲೈನಲ್ಲಿ ಭಾರತ ಮತ್ತು ಯುರೋಪಿಯನ್ ಒಕ್ಕೂಟ ಒಂದು ತಿಳುವಳಿಕೆಗೆ ಬಂದವು. ಔಷಧಿ ಯುರೋಪ್ ಮೂಲಕ ಹಾದುಹೋಗುತ್ತಿದೆ, ಅಲ್ಲಿ ಅದಕ್ಕೆ ಪೇಟೆಂಟ್ ಇದೆ, ಇಷ್ಟೇ ಕಾರಣಕ್ಕೆ ತಡೆಯುವಂತಿಲ್ಲ. ಅದು ಯುರೋಪಿನ ಮಾರುಕಟ್ಟೆಗೇ ತಿರುಗುವ ಸಾಧ್ಯತೆ ಬಲವಾಗಿದೆ ಎಂದು ತೋರಿಸುವ ಆಧಾರ ಬೇಕು. ಇದನ್ನು ಪಾಲಿಸುವವರೆಗೆ ಭಾರತ ಪ್ಯಾನೆಲ್ ಕೇಳುವುದಿಲ್ಲ. ಮತ್ತೆ ತಡೆದರೆ ಕೇಳುವ ಹಕ್ಕು ಉಳಿಸಿಕೊಂಡಿದೆ.

ಐದು ತಿಂಗಳು ಕಳೆಯುವಷ್ಟರಲ್ಲಿ ಯುರೋಪಿನ ನ್ಯಾಯಾಲಯವೂ ಅದೇ ದಿಕ್ಕಿನಲ್ಲಿ ಮಾತಾಡಿತು. 2011ರ ಡಿಸೆಂಬರ್ 1ರ ಫಿಲಿಪ್ಸ್ ಮತ್ತು ನೋಕಿಯಾ ತೀರ್ಪು. ಒಂದರಲ್ಲಿ ಚೀನಾದಿಂದ ಆಂಟ್‌ವರ್ಪ್ ಬಂದರಿಗೆ ಬಂದಿದ್ದ ಶೇವಿಂಗ್ ಯಂತ್ರಗಳು. ಇನ್ನೊಂದರಲ್ಲಿ ಹಾಂಗ್‌ಕಾಂಗ್‌ನಿಂದ ಕೊಲಂಬಿಯಾಕ್ಕೆ ಹೊರಟು ಲಂಡನ್ನಿನ ಹೀತ್ರೋದಲ್ಲಿ ಸಿಕ್ಕ ನಕಲಿ ನೋಕಿಯಾ ಫೋನುಗಳು. ಹೊರದೇಶದಿಂದ ಬಂದು ಹೊರದೇಶಕ್ಕೆ ಹೋಗುವ ಸರಕನ್ನು, ಯುರೋಪಿನಲ್ಲಿ ಮಾರಾಟಕ್ಕೆ ಉದ್ದೇಶಿಸಿದೆ ಎಂದು ತೋರಿಸದ ಹೊರತು, ಹಕ್ಕಿನ ಉಲ್ಲಂಘನೆ ಎನ್ನುವಂತಿಲ್ಲ ಎಂದಿತು ಕೋರ್ಟ್. ‘ಇಲ್ಲೇ ತಯಾರಾಗಿದೆ ಅಂದುಕೊಳ್ಳೋಣ’ ಅನ್ನುವ ವಾದಕ್ಕೆ ಇನ್ನು ಜಾಗ ಉಳಿಯಲಿಲ್ಲ. 2012ರ ಫೆಬ್ರವರಿ 1ರಂದು ಯುರೋಪಿಯನ್ ಆಯೋಗ ಕಸ್ಟಮ್ಸ್‌ಗೆ ಮಾರ್ಗಸೂಚಿ ಹೊರಡಿಸಿತು. 2014ರ ಜನವರಿಯಿಂದ ಹಳೆಯ ನಿಯಮಾವಳಿಯ ಜಾಗಕ್ಕೆ 608/2013 ಬಂತು.

ಇದು ಗೆಲುವೇ? ಹೈದರಾಬಾದಿನ, ಬೆಂಗಳೂರಿನ ರಫ್ತುದಾರರಿಗೆ ಬೇಕಾದದ್ದು ಬೇಗ ಸಿಕ್ಕಿತು. ಪ್ಯಾನೆಲ್, ಮೇಲ್ಮನವಿ ಅಂತ ಹೋಗಿದ್ದರೆ ವರ್ಷಗಳೇ ಹಿಡಿಯುತ್ತಿದ್ದವು, ಸೋಲುವ ಅಪಾಯವೂ ಇತ್ತು. ಇದನ್ನೆಲ್ಲ ಒಪ್ಪಿಕೊಂಡೂ, ಭಾರತ ಪ್ಯಾನೆಲ್ ಕೇಳಬೇಕಿತ್ತು ಅನ್ನುವುದೇ ನನ್ನ ಅಭಿಪ್ರಾಯ. ಕಾರಣ ಇದು. ಔಷಧಿಗೆ ಸಿಕ್ಕ ರಕ್ಷಣೆ ಹೊಸ ನಿಯಮಾವಳಿಯಲ್ಲಿ ಕೂತಿರುವುದು ಪೀಠಿಕೆಯ 11ನೇ ಅಂಶದಲ್ಲಿ. ಪಾಲಿಸಲೇಬೇಕಾದ ಕಲಮುಗಳ ಸಾಲಿನಲ್ಲಿ ಅಲ್ಲ. ಮಾರ್ಗಸೂಚಿ ಆಯೋಗದ್ದು, ಅದನ್ನು ಆಯೋಗವೇ ಬದಲಾಯಿಸಬಹುದು. ಕೋರ್ಟಿನ ತೀರ್ಪು ಯುರೋಪಿನ ಕಾನೂನಿನ ಮೇಲೆ ನಿಂತದ್ದು, ಕಾನೂನು ಬದಲಾದರೆ ತೀರ್ಪಿನ ಬಲವೂ ಹೋಗುತ್ತದೆ. ಡಬ್ಲ್ಯುಟಿಒ ಪ್ಯಾನೆಲ್ ಒಂದು ವಾಕ್ಯ ಬರೆದಿದ್ದರೂ ಅದು ಆಫ್ರಿಕಾದ, ಏಷ್ಯಾದ ಎಲ್ಲಾ ಬಂದರುಗಳ ವಿಷಯದಲ್ಲೂ ತೋರಿಸಲು ಆಗುವ ಆಧಾರ ಆಗುತ್ತಿತ್ತು. ನೆದರ್ಲೆಂಡ್ಸ್ ಒಂದೇ ಹಾದುಹೋಗುವ ದೇಶವಲ್ಲವಲ್ಲ. ಡಬ್ಲ್ಯುಟಿಒ ದಾಖಲೆಯಲ್ಲಿ ಡಿಎಸ್ 408 ಮತ್ತು 409 ಎರಡೂ ಮಾತುಕತೆಯ ಹಂತದಲ್ಲೇ ನಿಂತಿವೆ.

ನಮ್ಮ ಮನೆಯ ವಿಷಯವನ್ನೂ ಹೇಳಬೇಕು. 2007ರಲ್ಲಿ ಭಾರತ ಮಾಡಿದ ಗಡಿ ನಿಯಮಗಳಲ್ಲಿ ಪೇಟೆಂಟ್ ಕೂಡ ಸೇರಿತ್ತು. ಟ್ರಿಪ್ಸ್ ಕೇಳದೆ ಇದ್ದರೂ ನಾವೇ ಸೇರಿಸಿಕೊಂಡಿದ್ದೆವು. 2009ರಲ್ಲಿ ಡ್ಯುಯಲ್ ಸಿಮ್ ಫೋನಿನ ಮೇಲೆ ಪೇಟೆಂಟ್ ಪಡೆದಿದ್ದ ತಮಿಳುನಾಡಿನ ಒಬ್ಬರು ಈ ನಿಯಮ ಹಿಡಿದು ಫೋನುಗಳ ಆಮದನ್ನೇ ಕಸ್ಟಮ್ಸ್‌ನಲ್ಲಿ ನಿಲ್ಲಿಸಿದರು. ಆ ಪೇಟೆಂಟ್ ಆಮೇಲೆ ರದ್ದಾಯಿತು. ಜಿನೀವಾದಲ್ಲಿ ಯುರೋಪನ್ನು ಪ್ರಶ್ನಿಸುತ್ತಿದ್ದ ಹೊತ್ತಿಗೇ ನಮ್ಮ ಕಸ್ಟಮ್ಸ್ ಅಧಿಕಾರಿಗಳ ತಲೆ ಮೇಲೂ ಪೇಟೆಂಟ್ ತೀರ್ಮಾನಿಸುವ ಹೊರೆ ಇತ್ತು. ಅದು ಆಮದಿನ ವಿಷಯ, ಹಾದುಹೋಗುವ ಸರಕಿನದ್ದಲ್ಲ, ನಿಜ. ಆದರೂ ಕಣ್ಣಲ್ಲಿ ನೋಡಿ ಪೇಟೆಂಟ್ ತೀರ್ಮಾನಿಸಲು ಆಗದು ಅನ್ನುವ ಮಾತು ಎರಡಕ್ಕೂ ಒಂದೇ. 2018ರ ಜೂನ್‌ನಲ್ಲಿ ಸರ್ಕಾರ ಆ ನಿಯಮಗಳಿಂದ ಪೇಟೆಂಟನ್ನು ತೆಗೆದುಹಾಕಿತು. ಸರಿಯಾದ ಕೆಲಸ, ಹತ್ತು ವರ್ಷ ಮೊದಲೇ ಆಗಬೇಕಿತ್ತು.

ಟ್ರೇಡ್‌ಮಾರ್ಕ್ ಬಾಗಿಲಿನಿಂದ

ಪೇಟೆಂಟ್ ವಿಷಯದಲ್ಲಿ ಮುಚ್ಚಿದ ದಾರಿಯನ್ನು ಯುರೋಪ್ ಟ್ರೇಡ್‌ಮಾರ್ಕ್ ವಿಷಯದಲ್ಲಿ ಮತ್ತೆ ತೆರೆಯಿತು. 2015ರಲ್ಲಿ ಟ್ರೇಡ್‌ಮಾರ್ಕ್ ಕಾನೂನು ತಿದ್ದುಪಡಿ ಆಯಿತು. ಅದು 2016ರ ಮಾರ್ಚ್‌ನಲ್ಲಿ ಜಾರಿಗೆ ಬಂತು. ಯುರೋಪಿನಲ್ಲಿ ನೋಂದಾಯಿಸಿದ ಮಾರ್ಕಿನ ಹಾಗೇ ಇರುವ, ಇಲ್ಲವೇ ಅದರಿಂದ ಬೇರೆ ಎಂದು ಹೇಳಲಾಗದಷ್ಟು ಹತ್ತಿರದ ಮಾರ್ಕ್ ಇದ್ದರೆ ಈಗ ಸುಮ್ನೆ ಹಾದುಹೋಗುವ ಸರಕನ್ನೂ ತಡೆಯಬಹುದು. ಸರಕು ತಲುಪುವ ದೇಶದಲ್ಲಿ ಮಾರ್ಕಿನ ಮಾಲೀಕರಿಗೆ ಮಾರಾಟ ತಡೆಯುವ ಹಕ್ಕಿಲ್ಲ ಎಂದು ಸರಕಿನವರು ಸಾಬೀತು ಮಾಡಿದರೆ ಬಿಡಬೇಕು. ನೋಕಿಯಾ ತೀರ್ಪಿನಲ್ಲಿ ಹಕ್ಕುದಾರರ ಮೇಲಿದ್ದ ಸಾಬೀತಿನ ಹೊರೆ ಈಗ ರಫ್ತುದಾರರ ಮೇಲೆ ಬಂದಿದೆ. ಫ್ರಾಂಕ್‌ಫರ್ಟಿನ ಅಮಾಕ್ಸಿಸಿಲಿನ್ ನೆನಪು ಕಾನೂನು ಬರೆದವರಿಗೂ ಇದ್ದಿರಬೇಕು. ಔಷಧಿಯ ಸಾಮಾನ್ಯ ಹೆಸರು ಯಾವುದೋ ಬ್ರ್ಯಾಂಡಿಗೆ ಹತ್ತಿರ ಇದೆ ಎಂದು ತಡೆಯಬಾರದು ಎಂದು ಬರೆದಿದ್ದಾರೆ. ಅದನ್ನೂ ಬರೆದಿರುವುದು ಪೀಠಿಕೆಯಲ್ಲೇ.

ಯುರೋಪ್ ಮೂಲಕ ಔಷಧಿ ಕಳಿಸುವ ಕಂಪನಿ ಹಾಗಾಗಿ ತಲುಪುವ ದೇಶದ ಟ್ರೇಡ್‌ಮಾರ್ಕ್ ನೋಂದಣಿಯನ್ನು ಸರಕು ಹೊರಡುವ ಮೊದಲೇ ಹುಡುಕಿಸಿಡಬೇಕು. ಅಲ್ಲಿನ ಔಷಧ ಇಲಾಖೆಯ ಪರವಾನಗಿ ಮತ್ತು ಕೊಳ್ಳುವವರ ಆರ್ಡರ್ ಪ್ರತಿಯನ್ನು ಸಾಗಣೆ ಕಾಗದದ ಜೊತೆಗೇ ಇಡಬೇಕು. ದೊಡ್ಡ ಕಂಪನಿಗಳಿಗೆ ಇದಕ್ಕೆ ಬೇರೆ ವಿಭಾಗವೇ ಇರುತ್ತದೆ. ವನುವಾಟುವಿನಂಥ ಪುಟ್ಟ ದೇಶಕ್ಕೆ ಮಾಮೂಲಿ ಔಷಧಿ ಕಳಿಸುವ ಸಣ್ಣ ಕಂಪನಿಗೆ ಈ ಖರ್ಚು ಭಾರವಾಗುತ್ತದೆ. ಯುರೋಪ್ ಜೊತೆ ಮಾಡಿಕೊಳ್ಳುವ ಯಾವುದೇ ವ್ಯಾಪಾರ ಒಪ್ಪಂದದಲ್ಲೂ ಹಾದುಹೋಗುವ ಔಷಧಿಗೆ ಒಂದು ಕಡ್ಡಾಯ ಕಲಮು ಬೇಕು, ಪೀಠಿಕೆಯ ಮಾತು ಸಾಲದು, ಎಂದು ನಮ್ಮ ವಾಣಿಜ್ಯ ಸಚಿವಾಲಯ ಪಟ್ಟು ಹಿಡಿಯಬೇಕಾದದ್ದು ಇದಕ್ಕೇ.